ಮಗನ ಸೀಟು ಯಾವ ಬೋಟಿನಾಗದ? ಹಡಗಿನ ನೌಕರಿಗೆ ಹೋಗೋರ ಪ್ರಶ್ನೆಗಳು

ಹೋದ ಸಂಚಿಕ್ಯಾಗ ಕಲಬುರಗಿ, ಬೀದರ, ಯಾದಗಿರಿ ಕಡೀಂದ ಮರ್ಚೆಂಟ್ ನೇವಿಗೆ ಹೋಗೋ ಹುಡುಗುರ ಬಗ್ಗೆ ಬರೆದಿದ್ದೆ, ಅದಕ್ಕ ಭಾಳ ಪತ್ರ ಬಂದವು. ಪಗಾರ ಎಷ್ಟು, ರಜಾ ಎಷ್ಟು ಅಂತ ಕೇಳಿದೋರಿಗೆ ಮುಂದ ಉತ್ತರ ಕೊಡ್ತೀನಿ. ಈ ಸಲ ಹಡಗಿನಾಗ ಜೀವ ಉಳಿಸೋ ಸಾಮಾನಿನ ಬಗ್ಗೆ ಕೇಳಿದ ಪತ್ರ ಅಷ್ಟೇ ತಗೊಂಡೀನಿ, ಯಾಕಂದ್ರ ಆಳಂದದ ಒಬ್ಬ ತಾಯಿ ಬರೆದದ್ದು ಓದಿದ ಮ್ಯಾಲ ಬೇರೆ ಯಾವುದೂ ಮೊದಲು ಬರೀಲಿಕ್ಕ ಮನಸ್ಸಾಗಲಿಲ್ಲ. ನಾನೂ ಕಲಬುರಗಿಯವನೇ, 19 ವರ್ಷ ಹಡಗಿನ ಡೆಕ್ ಮ್ಯಾಲ ದುಡದೀನಿ, ಸಮುದ್ರ ಅಂತ ಮೊದಲ ಸಲ ನೋಡಿದ್ದು ಕೆಲಸ ಹುಡುಕ್ಕೊಂಡು ಮುಂಬೈಗೆ ಟ್ರೈನಿನಾಗ ಹೋದಾಗ.

ಪ್ರಶ್ನೆ: ನನ್ನ ಮಗಗ ಕಲ್ಲಿದ್ದಲು ಸಾಗಿಸೋ ದೊಡ್ಡ ಹಡಗಿನಾಗ ಕೆಲಸ ಸಿಕ್ಕದ. ನಮ್ಮ ಹೊಲದ ಬಾವ್ಯಾಗ ಈಜು ಕಲತಾನ, ಅಷ್ಟೇ. ಹಡಗು ಮುಳುಗಿದ್ರ ಎಲ್ಲಾರಿಗೂ ಬೋಟ್ ಇರ್ತಾವೇನು, ಇಲ್ಲಾ ಸಾಹೇಬರಿಗೆ ಮೊದಲು ಉಳಿದೋರಿಗೆ ಆಮ್ಯಾಲೇನು? – ಆಳಂದದಿಂದ ಒಬ್ಬ ತಾಯಿ

ಉತ್ತರ: ಅಕ್ಕಾರ, ಎಲ್ಲಾರಿಗೂ ಇರ್ತಾವ. ಕ್ಯಾಪ್ಟನ್ನಿಗೂ ಅಡಗಿ ಮಾಡೋನಿಗೂ ಒಂದೊಂದೇ ಸೀಟು. ಸೋಲಾಸ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಅದ, ಈಗ ನಡೀತಿರೋದು 1974ರದ್ದು, 1980ರ ಮೇ 25ರಿಂದ ಜಾರಿ, ಅದರ ಮೂರನೇ ಅಧ್ಯಾಯ ಪೂರ್ತಿ ಜೀವ ಉಳಿಸೋ ಸಾಮಾನಿನ ಬಗ್ಗೇನೇ. ಅದರ ಜೋಡಿ ಎಲ್‌ಎಸ್‌ಎ ಕೋಡ್ ಅಂತ ಇನ್ನೊಂದು ಪುಸ್ತಕ, 1998ರ ಜುಲೈ 1ರಿಂದ ಕಡ್ಡಾಯ, ಯಾವ ಸಾಮಾನು ಹೆಂಗಿರಬೇಕು ಹೆಂಗ ಟೆಸ್ಟ್ ಆಗಬೇಕು ಅಂತ ಅದ್ರಾಗ ಬರೆದಾರ. ನಮ್ಮ ದೇಶದಾಗ 1958ರ ಮರ್ಚೆಂಟ್ ಶಿಪ್ಪಿಂಗ್ ಆಕ್ಟ್ ಇತ್ತು, 2025ರಾಗ ಅದರ ಜಾಗಕ್ಕ ಹೊಸಾ ಆಕ್ಟ್ ಪಾರ್ಲಿಮೆಂಟಿನಾಗ ಪಾಸ್ ಆತು, ನೋಡ್ಕೊಳ್ಳೋದು ಮುಂಬೈನಾಗಿರೋ ಡಿಜಿ ಶಿಪ್ಪಿಂಗ್ ಆಫೀಸು.

ಸರಕಿನ ಹಡಗಿಗೆ ಲೆಕ್ಕ ಹಿಂಗದ. ಹಡಗಿನ ಎಡಕ್ಕಿರೋ ಲೈಫ್‌ಬೋಟಿನಾಗೂ ಪೂರ್ತಿ ಮಂದಿ ಹಿಡೀಬೇಕು, ಬಲಕ್ಕಿರೋದ್ರಾಗೂ ಪೂರ್ತಿ ಮಂದಿ ಹಿಡೀಬೇಕು. ಯಾಕಂದ್ರ ಮುಳುಗೋ ಹಡಗು ಒಂದು ಕಡೆ ವಾಲ್ತದ, ಆವಾಗ ಮ್ಯಾಲೆದ್ದ ಕಡೆ ಬೋಟು ಇಳಸಲಿಕ್ಕ ಬರಂಗಿಲ್ಲ, ಒಂದೇ ಕಡೆ ಬೋಟಿನಾಗ ಎಲ್ಲಾರೂ ಹೋಗಬೇಕಾಗ್ತದ. ನಿಮ್ಮ ಮಗ ಹೋಗೋದು ಬಲ್ಕ್ ಕ್ಯಾರಿಯರ್, 2006ರ ಜುಲೈ ನಂತರ ಕಟ್ಟಿದ್ದಾಗಿದ್ರ ಅವೆರಡು ಬೋಟಿನ ಬದಲಿ ಹಿಂಭಾಗದಾಗ ಫ್ರೀ ಫಾಲ್ ಬೋಟ್ ಇರ್ತದ, ಕೇಸರಿ ಬಣ್ಣದ್ದು, ಪೂರ್ತಿ ಮುಚ್ಚಿದ್ದು, ಜಾರುಬಂಡಿ ಮ್ಯಾಲ ಇಟ್ಟಂಗ ಓರೆಯಾಗಿ ಕೂತಿರ್ತದ. ಒಳಗ ಹಡಗಿನ ಕಡೆ ಮುಖ ಮಾಡಿ, ಬೆನ್ನು ಸೀಟಿಗೆ ಒತ್ತಿ, ಬೆಲ್ಟ್ ಬಿಗದು ಕೂಡಬೇಕು, ಒಬ್ಬರು ಹ್ಯಾಂಡಲ್ ಎಳೀತಾರ, ಬೋಟು ಜಾರಿ ಸೀದಾ ನೀರಿಗೆ ಬೀಳ್ತದ. ಅದೂ ಅಲ್ದ ಎರಡೂ ಕಡೆ ಗಾಳಿ ತುಂಬೋ ಲೈಫ್‌ರಾಫ್ಟು, ಒಂದೊಂದು ಕಡೆ ಪೂರ್ತಿ ಮಂದಿಗೆ ಆಗೋಷ್ಟು.

ಇದೆಲ್ಲಾ ಎಲ್ಲಿಂದ ಬಂತು ಅಂದ್ರ 1912ರ ಏಪ್ರಿಲಿನಾಗ ಮುಳುಗಿದ ಟೈಟಾನಿಕ್‌ನಿಂದ. ಅದ್ರಾಗ ಸುಮಾರು 2200 ಮಂದಿ ಇದ್ರು, 20 ಬೋಟಿನಾಗ ಜಾಗ ಇದ್ದದ್ದು 1178 ಮಂದಿಗೆ. ನನಗ ಇವತ್ತಿಗೂ ಸಂಕಟ ಆಗೋದು ಏನಂದ್ರ, ಟೈಟಾನಿಕ್ ಆವತ್ತಿನ ಕಾನೂನು ಮುರಿದಿರಲಿಲ್ಲ. ಇಂಗ್ಲೆಂಡಿನ ನಿಯಮ ಹಡಗಿನ ಟನ್ ನೋಡಿ ಬೋಟ್ ಲೆಕ್ಕ ಹಾಕ್ತಿತ್ತು, 10,000 ಟನ್ ದಾಟಿದ ಎಲ್ಲಾ ಹಡಗಿಗೂ 16 ಬೋಟು ಅಂತ, 46,000 ಟನ್ನಿನ ಹಡಗಿಗೂ ಅಷ್ಟೇ. ಒಳಗ ಎಷ್ಟು ಜೀವ ಅವ ಅಂತ ಯಾರೂ ಎಣಿಸಿರಲಿಲ್ಲ. ಸುಮಾರು 1500 ಮಂದಿ ಹೋದ ಮ್ಯಾಲ, 1914ರಾಗ ಮೊದಲ ಸೋಲಾಸ್ ಬರೆದ್ರು, ತಲಿ ಎಣಿಸಿ ಸೀಟು ಕೊಡೋದು ಆವಾಗ ಶುರು ಆತು.

ಮಗ ಹಡಗು ಹತ್ತಿದ ದಿನ ಒಂದು ಕೆಲಸ ಮಾಡ್ಲಿಕ್ಕ ಹೇಳ್ರಿ. ಮಸ್ಟರ್ ಲಿಸ್ಟ್ ಅಂತ ಒಂದು ಹಾಳಿ ಗ್ವಾಡಿಗೆ ಹಚ್ಚಿರ್ತಾರ, ಅದ್ರಾಗ ತನ್ನ ಬೋಟ್ ಯಾವುದು, ಸೈರನ್ ಆದ್ರ ತನ್ನ ಕೆಲಸ ಏನು ಅಂತ ಇರ್ತದ. ಸಣ್ಣ ಕೂಗು ಏಳು ಅಥವಾ ಅದಕ್ಕಿಂತ ಹೆಚ್ಚು, ಆಮ್ಯಾಲ ಉದ್ದಂದು ಒಂದು, ಅದೇ ಸೈರನ್. ತನ್ನ ರೂಮಿನಿಂದ ಬೋಟಿನ ತನಕ ಲೈಟ್ ಇಲ್ದ ಕೈಯಾಡಿಸಿ ಹೋಗಿ ನೋಡ್ಲಿ, ರಾತ್ರಿ ಫೋನ್ ಮಾಡಿ ನಿಮಗ ಹೇಳ್ಲಿ, ನನ್ನ ಸೀಟು ಇಂಥಾದ್ದು ಅಂತ.

ಪ್ರಶ್ನೆ: ನಾನು ಸುರಪುರ ತಾಲೂಕಿನವ, ಕೃಷ್ಣಾ ಹೊಳ್ಯಾಗ ಈ ದಂಡಿಯಿಂದ ಆ ದಂಡಿಗೆ ಈಜ್ತೀನಿ. ನನ್ನಂಥಾವ್ರಿಗೂ ಲೈಫ್‌ಜಾಕೆಟ್ ಬೇಕೇನ್ರಿ? – ಯಾದಗಿರಿ ಜಿಲ್ಲೆಯ ಯುವಕ

ಉತ್ತರ: ಬೇಕೇ ಬೇಕು ತಮ್ಮಾ. ಹೊಳಿಗೆ ಆ ಕಡೆ ದಂಡಿ ಅಂತ ಒಂದಿರ್ತದ, ನಡು ಸಮುದ್ರದಾಗ ಎತ್ತ ಈಜ್ತೀ? ಅಲ್ಲಿ ಮಾಡಬೇಕಾದ್ದು ಒಂದೇ, ತೇಲಿಕೋತ ಶಕ್ತಿ ಉಳಿಸ್ಕೊಳ್ಳೋದು. ಬೀಳುವಾಗ ತಲಿಗೆ ಕಬ್ಬಿಣ ಬಡಿದು ಎಚ್ಚರ ತಪ್ಪಿದ್ರ ನಿನ್ನ ಈಜು ಯಾವ ಕೆಲಸಕ್ಕೂ ಬರಂಗಿಲ್ಲ, ಆವಾಗ ಬೋರಲು ಬಿದ್ದ ಮೈಯನ್ನ ಕೆಲವೇ ಸೆಕೆಂಡ್ನಾಗ ಅಂಗಾತ ತಿರುಗಿಸಿ ಬಾಯಿ ನೀರಿನ ಮ್ಯಾಲ ಹಿಡಿಯೋದು ಜಾಕೆಟ್ಟು. ಕೋಡ್ ಪ್ರಕಾರ ಅದು ಸಿಹಿ ನೀರಿನಾಗ 24 ತಾಸು ನೆನೆದ ಮ್ಯಾಲೂ ತೇಲೋ ಶಕ್ತಿ 5 ಪರ್ಸೆಂಟ್‌ಗಿಂತ ಹೆಚ್ಚು ಕಳಕೋಬಾರದು, ಅದನ್ನ ಎಂದೂ ನೋಡದ ಮಂದಿ ಪೈಕಿ 100ಕ್ಕ 75 ಮಂದಿ ಯಾರ ಸಹಾಯ ಇಲ್ದ ಒಂದು ನಿಮಿಷದಾಗ ಸರಿಯಾಗಿ ಹಾಕ್ಕೊಳ್ಳಂಗಿರಬೇಕು. ಸೀಟಿ ಮತ್ತು ಲೈಟು ಅದಕ್ಕೇ ಕಟ್ಟಿರ್ತದ. ಕತ್ತಲ್ಯಾಗ ಒದರಿ ಒದರಿ ಗಂಟಲು ಕಟ್ಟಿದ ಮ್ಯಾಲ ಸೀಟಿನೇ ದನಿ.

ಒಬ್ಬರಿಗೆ ಒಂದು ಅಂತೂ ಇರ್ತದ, ಅದರ ಜೋಡಿ ಬ್ರಿಜ್ಜಿನಾಗ, ಅಂದ್ರ ಹಡಗು ನಡಸೋ ಮ್ಯಾಲಿನ ರೂಮಿನಾಗ, ಇಂಜಿನ್ ಕಂಟ್ರೋಲ್ ರೂಮಿನಾಗ ಡ್ಯೂಟಿ ಮ್ಯಾಲಿರೋರಿಗೆ ಬ್ಯಾರೆ ಇಟ್ಟಿರಬೇಕು, ಯಾಕಂದ್ರ ಹೊಗಿ ತುಂಬಿದ ಮ್ಯಾಲ ರೂಮಿಗೆ ಹೋಗಿ ಜಾಕೆಟ್ ತರ್ತೀನಿ ಅಂದೋನು ವಾಪಸ್ ಬರಂಗಿಲ್ಲ. ಇನ್ನ ಇಮ್ಮರ್ಷನ್ ಸೂಟ್, ತಲಿಯಿಂದ ಪಾದದ ತನಕ ಮುಚ್ಚೋ ಕೆಂಪು ದಿರಿಸು, ಅದೂ ತಲಿಗೊಂದು, ಎರಡು ನಿಮಿಷದಾಗ ಹಾಕ್ಕೊಳ್ಳಿಕ್ಕ ಬರಬೇಕು. ಮೇ ತಿಂಗಳ ನಮ್ಮ ಬಿಸಲಾಗ ಬೆಳೆದ ಹುಡುಗುರಿಗೆ ನೀರಿನ ಥಂಡಿ ಮನುಷ್ಯನ್ನ ಕೊಲ್ತದ ಅಂದ್ರ ನಂಬಿಕಿ ಬರಂಗಿಲ್ಲ, ನನಗೂ ಬಂದಿರಲಿಲ್ಲ, ಉತ್ತರದ ಸಮುದ್ರದಾಗ ಬರೇ ಕೈ ಅದ್ದಿ ನೋಡಿದೆ, ಒಂದು ಗಳಿಗ್ಯಾಗ ಬೆರಳು ಮಡಚಲಿಕ್ಕ ಬರಲಿಲ್ಲ.

ಪ್ರಶ್ನೆ: ಬಿಳಿ ಡ್ರಮ್ಮಿನಾಗ ಲೈಫ್‌ರಾಫ್ಟ್ ಇಟ್ಟಿರ್ತಾರ ಅಂತ ವಿಡಿಯೋದಾಗ ನೋಡಿದೆ. ಹಡಗು ದಿಢೀರ್ ಮುಳುಗಿದ್ರ ಅದನ್ನ ಬಿಚ್ಚೋರು ಯಾರು? – ಕಲಬುರಗಿಯಿಂದ ಒಬ್ಬ ಪಾಲಿಟೆಕ್ನಿಕ್ ವಿದ್ಯಾರ್ಥಿ

ಉತ್ತರ: ಭಾಳ ಚಲೋ ಪ್ರಶ್ನೆ, ಇದಕ್ಕ ಸ್ವಲ್ಪ ಉದ್ದ ಬರೀತೀನಿ. ಯಾರೂ ಬಿಚ್ಚಬೇಕಾಗಿಲ್ಲ, ನೀರೇ ಬಿಚ್ತದ. ಡ್ರಮ್ಮನ್ನ ಕಟ್ಟಿದ ಬೆಲ್ಟಿನ ತುದಿಗೆ ಅಂಗೈ ಅಗಲದ ಒಂದು ಡಬ್ಬಿ ಇರ್ತದ, ಹೈಡ್ರೋಸ್ಟ್ಯಾಟಿಕ್ ರಿಲೀಸ್ ಅಂತಾರ, ಒಳಗ ಸ್ಪ್ರಿಂಗ್ ಹಾಕಿದ ಚಾಕು. ಹಡಗು ಮುಳುಗಿ ಡಬ್ಬಿ ನೀರಾಗ ಇಳೀತಿದ್ದಂಗ, 4 ಮೀಟರ್ ಆಳ ಮುಟ್ಟೋದ್ರೊಳಗ, ನೀರಿನ ಒತ್ತಡಕ್ಕ ಚಾಕು ಹಾರಿ ಹಗ್ಗ ಕೊಯ್ತದ, ಡ್ರಮ್ಮು ಬಿಡಿಸ್ಕೊಂಡು ಮ್ಯಾಲೇಳ್ತದ. ಆದ್ರ ಡ್ರಮ್ಮಿನ ಒಳಗಿಂದ ಬಂದ ಪೇಂಟರ್ ಅನ್ನೋ ಉದ್ದ ಹಗ್ಗ ಇನ್ನೂ ಹಡಗಿಗೇ ಕಟ್ಟಿರ್ತದ, ಹಡಗು ಕೆಳಗ ಹೋದಂಗ ಅದು ಉಚ್ಚಿಕೋತ ಹೋಗಿ ಕೊನೀಗೆ ಜಗ್ಗಿದಾಗ ಗ್ಯಾಸ್ ಬಾಟಲಿ ಬಿಟ್ಟು ರಾಫ್ಟ್ ಉಬ್ತದ, ಮ್ಯಾಲ ಗುಡಾರ ಏಳ್ತದ. ಈಗ ಉಬ್ಬಿದ ರಾಫ್ಟನ್ನ ಮುಳುಗೋ ಹಡಗು ತನ್ನ ಜೋಡಿ ಎಳಕೊಂಡು ಹೋಗಬಾರದಲ್ಲ, ಅದಕ್ಕ ಪೇಂಟರನ್ನ ವೀಕ್ ಲಿಂಕ್ ಅನ್ನೋ ಒಂದು ಮೆತ್ತನ ಕೊಂಡಿಗೆ ಕಟ್ಟಿರ್ತಾರ, ಉಬ್ಬಿದ ರಾಫ್ಟಿನ ಜಗ್ಗಾಟಕ್ಕ ಅದು ಪಟ್ಟನೆ ಹರೀತದ, ರಾಫ್ಟ್ ನೀರಿನ ಮ್ಯಾಲ ಉಳೀತದ.

ನಾನು ಥರ್ಡ್ ಆಫೀಸರ್ ಆಗಿ ಒಂದು ಹಡಗಿಗೆ ಹೋದಾಗ ಈ ಸಾಮಾನೆಲ್ಲಾ ನನ್ನ ಜವಾಬ್ದಾರಿ ಇತ್ತು. ಎರಡನೇ ದಿನ ಬಲಗಡೆ ರಾಫ್ಟಿನ ಹತ್ರ ಮೊಣಕಾಲೂರಿ ಕೂತು ಹಗ್ಗ ಬೆರಳಾಗ ಹಿಡಕೊಂಡು ಹೋದೆ. ಪೇಂಟರ್ ಹೋಗಿ ಸೇರಿದ್ದು ವೀಕ್ ಲಿಂಕಿಗಲ್ಲ, ಡೆಕ್ಕಿಗೆ ಬೆಸುಗಿ ಹಾಕಿದ ಕಬ್ಬಿಣದ ಕಣ್ಣಿಗೆ, ದಪ್ಪ ಶ್ಯಾಕಲ್ ಅನ್ನೋ ಕಬ್ಬಿಣದ ಕೊಂಡಿ ಹಾಕಿ ಬಿಗದಿದ್ರು. ಅಂದ್ರ ಚಾಕು ಕೊಯ್ತಿತ್ತು, ರಾಫ್ಟ್ ಉಬ್ತಿತ್ತು, ಹಡಗಿನ ಜೋಡಿನೇ ತಳಕ್ಕ ಹೋಗ್ತಿತ್ತು. ಪೇಂಟ್ ಹಚ್ಚಲಿಕ್ಕ ಯಾರೋ ಬಿಚ್ಚಿ ವಾಪಸ್ ಗಟ್ಟಿಯಾಗಿ ಕಟ್ಟೀನಿ ಅಂತ ಸಮಾಧಾನದಿಂದ ಹೋಗಿರಬೇಕು, ಯಾಕಂದ್ರ ಶ್ಯಾಕಲ್ ಮ್ಯಾಲ ಆ ಪೇಂಟಿನ ಹನಿ ಒಣಗಿದ್ದವು. ವಾರ ವಾರ ತುಂಬಿದ ಚೆಕ್‌ಲಿಸ್ಟಿನಾಗ ಮಾತ್ರ ಆ ರಾಫ್ಟಿನ ಮುಂದ ಟಿಕ್ ಇತ್ತು, ಒಂದೂ ತಪ್ಪಿರಲಿಲ್ಲ. ಡೆಕ್ ಮ್ಯಾಲಿನ ಖಲಾಸಿಗಳ ಮುಖಂಡ ಬೋಸನ್ನನ್ನ ಕರದು ಇಬ್ಬರೂ ಕೂಡಿ ಸರಿ ಮಾಡಿದ್ವಿ, ಹತ್ತು ನಿಮಿಷದ ಕೆಲಸ. ಎಷ್ಟು ತಿಂಗಳು 22 ಮಂದಿ ಆ ರಾಫ್ಟ್ ನಂಬಿ ಮಲಗಿದ್ರೋ ಅಂತ ನೆನಸಿ ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ಅದಕ್ಕ ನೀ ಹಡಗಿಗೆ ಹೋದ್ರ ಟಿಕ್ ನೋಡಬ್ಯಾಡ, ಹಗ್ಗ ಕೈಯಾಗ ಹಿಡಿ. ಡಬ್ಬಿ ಮ್ಯಾಲ ಅವಧಿ ಮುಗಿಯೋ ತಿಂಗಳು ವರ್ಷ ಹಾಕಿರ್ತಾರ, ಒಂದೇ ಸಲ ಬಳಸೋ ಡಬ್ಬಿ ಎರಡು ವರ್ಷಕ್ಕ ಬದಲಿ ಆಗಬೇಕು, ರಾಫ್ಟನ್ನ 12 ತಿಂಗಳಿಗೊಮ್ಮೆ ಮಾನ್ಯತೆ ಇರೋ ಸ್ಟೇಷನ್ನಿಗೆ ಕೊಟ್ಟು ಬಿಚ್ಚಿಸಿ ನೋಡಿಸಬೇಕು. ಹಡಗಿನ ತುದಿಯಿಂದ ಬೋಟು ರಾಫ್ಟು 100 ಮೀಟರ್‌ಗಿಂತ ದೂರ ಇದ್ರ ಆ ತುದ್ಯಾಗ ಇನ್ನೊಂದು ರಾಫ್ಟ್ ಇರಬೇಕು, ಅದನ್ನೂ ಹೋಗಿ ನೋಡು, ಅದು ದೂರ ಅಂತ ಭಾಳ ಮಂದಿ ಮರೀತಾರ.

ಪ್ರಶ್ನೆ: ಬೋಟಿನಾಗ ಊಟಕ್ಕೇನು ಇರ್ತದ? – ಹುಮನಾಬಾದಿನಿಂದ ಒಬ್ಬ ಗೃಹಿಣಿ

ಉತ್ತರ: ಲೈಫ್‌ಬೋಟಿನಾಗ ಒಬ್ಬರಿಗೆ 3 ಲೀಟರ್ ನೀರು, 10,000 ಕಿಲೋಜೂಲ್ ಕೊಡೋ ಬಿಸ್ಕೀಟಿನಂಥಾ ರೇಷನ್. ರಾಫ್ಟಿನಾಗ ನೀರು ಒಂದೂವರೆ ಲೀಟರ್. ಮೀನು ಹಿಡಿಯೋ ಗಾಳನೂ ಇಟ್ಟಿರ್ತಾರ. ಹೊಟ್ಟಿ ತುಂಬಂಗಿಲ್ಲ ತಾಯಿ, ಹುಡುಕೋರು ಬರೋ ತನಕ ಜೀವ ಹಿಡದು ಇಡ್ತದ. ಬೇಗ ಹುಡುಕಲಿ ಅಂತ ಇಪಿಐಆರ್‌ಬಿ ಅನ್ನೋ ಯಂತ್ರ ಅದ, 406 ಮೆಗಾಹರ್ಟ್ಜ್ ಮ್ಯಾಲ ಸೆಟಲೈಟಿಗೆ ಹಡಗಿನ ಗುರುತು ಕಳಸ್ತದ, 48 ತಾಸು ನಡೀಬೇಕು ಅದು. ಬ್ರಿಜ್ಜಿನಾಗ 12 ಪ್ಯಾರಾಶೂಟ್ ರಾಕೆಟ್, ಒಂದೊಂದೂ 300 ಮೀಟರ್ ಎತ್ತರಕ್ಕ ಹೋಗಿ 40 ಸೆಕೆಂಡ್ ಕೆಂಪಗ ಉರಿಯೋವು.

ಪ್ರಶ್ನೆ: ಬೀದರಿನಾಗ ಒಬ್ಬ ಏಜೆಂಟ್ ದುಡ್ಡು ಕೊಟ್ರ ಟ್ರೇನಿಂಗ್ ಇಲ್ದ ಸರ್ಟಿಫಿಕೇಟ್ ಮತ್ತು ಕೆಲಸ ಎರಡೂ ಕೊಡಸ್ತೀನಿ ಅಂತಾನ. – ಭಾಲ್ಕಿಯಿಂದ

ಉತ್ತರ: ಒಂದು ರೂಪಾಯಿನೂ ಕೊಡಬ್ಯಾಡ್ರಿ. ಕೆಲಸ ಕೊಡಸಲಿಕ್ಕ ನಾವಿಕರ ಕಡೀಂದ ಫೀಸು ತಗೊಳ್ಳಂಗಿಲ್ಲ, ಡಿಜಿ ಶಿಪ್ಪಿಂಗ್ ಲೈಸೆನ್ಸ್ ಇದ್ದ ಕಂಪನಿಗಳೇ ಈ ಕೆಲಸ ಮಾಡಬೇಕು, ಅವುಗಳ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಾಗೇ ಅದ. ಇನ್ನ ಟ್ರೇನಿಂಗು, ಅದು ಬರೇ ಕಾಗದ ಅನ್ಕೋಬ್ಯಾಡ್ರಿ. ಪರ್ಸನಲ್ ಸರ್ವೈವಲ್ ಟೆಕ್ನಿಕ್ಸ್ ಕೋರ್ಸಿನಾಗ ಜಾಕೆಟ್ ಹಾಕ್ಕೊಂಡು ಎತ್ತರದಿಂದ ನೀರಿಗೆ ಜಿಗಿಸ್ತಾರ, ಬೋರಲು ಬಿದ್ದ ರಾಫ್ಟನ್ನ ಒಬ್ಬನೇ ನೀರಾಗ ತಿರುಗಿಸಿ ಹಾಕೋದು ಕಲಸ್ತಾರ. ನಾ ಮೊದಲ ಸಲ ತಿರುಗಿಸಿದಾಗ ರಾಫ್ಟು ನನ್ನ ಮ್ಯಾಲೇ ಬಂದು ಮುಚ್ಚಿತ್ತು, ಅಡಿಯಿಂದ ಹೆಂಗ ಹೊರಗ ಬರಬೇಕು ಅಂತ ಆ ಸ್ವಿಮ್ಮಿಂಗ್ ಪೂಲಿನಾಗೇ ಕಲತೆ. ದುಡ್ಡು ಕೊಟ್ಟು ಕಾಗದ ತಂದೋನಿಗೆ ಅದನ್ನ ಯಾರು ಕಲಸ್ತಾರ?

ಪ್ರಶ್ನೆ: ನನ್ನ ಮಗ ಫೋನ್ ಮಾಡಿದಾಗೆಲ್ಲಾ ಡ್ರಿಲ್ಲು ಡ್ರಿಲ್ಲು ಅಂತ ಬ್ಯಾಸರ ಮಾಡ್ಕೋತಾನ, ಲೈಫ್‌ಬೋಟ್ ಡ್ರಿಲ್‌ನಾಗೇ ಮಂದಿ ಸತ್ತಾರ ಅಂತಾನೂ ಹೇಳ್ತಾನ. ಖರೇನೇನು? – ಸೇಡಂನಿಂದ ಒಬ್ಬ ತಂದಿ

ಉತ್ತರ: ಖರೆ ಅದರೀ, ಮುಚ್ಚಿಡೋದಿಲ್ಲ. ಬೋಟಿನ ಮುಂದೊಂದು ಹಿಂದೊಂದು ಕೊಕ್ಕಿ ಇರ್ತಾವ, ಎರಡೂ ಒಮ್ಮೆಲೇ ಬಿಡಬೇಕು, ಹಳೇ ನಮೂನಿ ಕೊಕ್ಕಿ ಬೋಟು ಮ್ಯಾಲ ತೂಗ್ತಿರುವಾಗಲೇ ಬಿಟ್ಟು ಒಳಗಿದ್ದೋರು ಬೋಟಿನ ಸಮೇತ ಬಿದ್ದು ಹೋಗ್ಯಾರ. ಅದಕ್ಕೇ ನಿಯಮ ಬದಲಾತು, ಹೊಸ ನಿಯಮಕ್ಕ ಹೊಂದದ ಕೊಕ್ಕಿಗಳನ್ನ 2014ರ ಜುಲೈ 1ರ ನಂತರದ ಮೊದಲ ಡ್ರೈ ಡಾಕಿನಾಗ (ಹಡಗನ್ನ ನೀರಿನಿಂದ ಹೊರಗ ಇಟ್ಟು ರಿಪೇರಿ ಮಾಡುವಾಗ), ತಡ ಅಂದ್ರ 2019ರ ಜುಲೈ 1ರೊಳಗ ಬದಲಿ ಮಾಡಬೇಕು ಅಂತ. ಡ್ರಿಲ್‌ನಾಗ ಬೋಟು ಇಳಿಸುವಾಗ ಒಳಗ ಮಂದಿ ಕೂಡಲೇಬೇಕು ಅಂತಾನೂ ಇಲ್ಲ, ಮೊದಲು ಖಾಲಿ ಇಳಿಸಿ ಎತ್ತಿ ನೋಡಬಹುದು. ಮಗ ಇದನ್ನ ಕೇಳಬಹುದು, ಕೇಳೋ ಹಕ್ಕು ಅವನಿಗದ.

ಆದ್ರ ಡ್ರಿಲ್ ಬಿಡಲಿಕ್ಕ ಬರಂಗಿಲ್ಲ. ಪ್ರತಿಯೊಬ್ಬನೂ ತಿಂಗಳಿಗೊಮ್ಮೆ ಹಡಗು ಬಿಡೋ ಡ್ರಿಲ್ ಮತ್ತು ಬೆಂಕಿ ಡ್ರಿಲ್ ಮಾಡಬೇಕು, ಸಿಬ್ಬಂದ್ಯಾಗ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಆ ಹಡಗಿನಾಗ ಹಿಂದಿನ ತಿಂಗಳು ಡ್ರಿಲ್ ಮಾಡಿಲ್ಲ ಅಂದ್ರ ಬಂದರು ಬಿಟ್ಟ 24 ತಾಸಿನೊಳಗೇ ಮಾಡಬೇಕು. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಅನ್ನೋ ಹಡಗು ಕೇರಳದ ಹತ್ರ ಮುಳುಗ್ತು, 24 ಮಂದಿಯೂ ಬದುಕಿದ್ರು. ಹದಿನೈದು ದಿನಕ್ಕ, ಜೂನ್ 9ಕ್ಕ, ವಾನ್ ಹೈ 503 ಅನ್ನೋ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು, 22 ಮಂದ್ಯಾಗ 18 ಮಂದೀನ್ನ ನಮ್ಮ ಮಂಗಳೂರಿಗೇ ಕರಕೊಂಡು ಬಂದ್ರು, ನಾಲ್ಕು ಮಂದಿ ಸಿಗಲಿಲ್ಲ. ಆ ನಾಲ್ಕು ಮನಿಯವರನ್ನ ನೆನಸಿದ್ರ ನನಗ ಇದನ್ನೆಲ್ಲಾ ಬರೀಲಿಕ್ಕ ಇನ್ನಷ್ಟು ಜೋರು ಬರ್ತದ. ಹಡಗಿನಾಗ ಏನಾದ್ರೂ ಕೆಟ್ಟಿದ್ದು ಕಂಡ್ರ ಮಗ ಮೊದಲು ಆಫೀಸರಿಗೆ ಹೇಳ್ಲಿ, ಆಮ್ಯಾಲ ಕ್ಯಾಪ್ಟನ್ನಿಗೆ, ಆಗಲಿಲ್ಲ ಅಂದ್ರ ಕಂಪನಿಯ ಡಿಪಿಎಗೆ, ದಂಡಿ ಮ್ಯಾಲ ಇದಕ್ಕಂತೇ ನೇಮಿಸಿದ ಮನುಷ್ಯ ಅವ, ನಂಬರು ಹಡಗಿನಾಗೇ ಹಚ್ಚಿರ್ತಾರ. ಬಂದರಿನಾಗ ತಪಾಸಣಿಗೆ ಬರೋ ಸರ್ವೇಯರಿಗೆ ಹಡಗು ತಡೆದು ನಿಲ್ಲಿಸೋ ಅಧಿಕಾರ ಅದ.

ಪ್ರಶ್ನೆ: ನಮ್ಮೂರಿನಾಗ ಭೀಮಾ ಹೊಳಿ ದಾಟಲಿಕ್ಕ ಬೋಟಿನಾಗ ಹೋಗ್ತೀವಿ. ಹಡಗಿನ ಈ ಕಾನೂನು ಅದಕ್ಕೂ ಹತ್ತತಾವೇನು? – ಅಫಜಲಪುರ ತಾಲೂಕಿನ ಒಬ್ಬ ರೈತ

ಉತ್ತರ: ಇಲ್ಲರಿ, ಸೋಲಾಸ್ ಬೇರೆ ದೇಶಕ್ಕ ಹೋಗೋ ದೊಡ್ಡ ಹಡಗಿಗೆ, ಸರಕಿನ ಹಡಗಾದ್ರ 500 ಟನ್‌ನಿಂದ ಮ್ಯಾಲಿನವಕ್ಕ. ಹೊಳಿ ಬೋಟಿಗೆ 2021ರ ಇನ್‌ಲ್ಯಾಂಡ್ ವೆಸೆಲ್ಸ್ ಆಕ್ಟ್ ಅದ, ಇಂಜಿನ್ ಇದ್ದ ಬೋಟಿಗೆ ಸರ್ವೇ, ರಿಜಿಸ್ಟ್ರೇಷನ್, ಜೀವ ಉಳಿಸೋ ಸಾಮಾನು ಎಲ್ಲಾ ಬೇಕು. 2020ರ ಅಕ್ಟೋಬರಿನಾಗ ಭೀಮಾ ಹೆಂಗ ಉಕ್ಕಿ ಬಂತು ನೀವೇ ನೋಡೀರಿ. ನಿಮ್ಮ ಬೋಟಿಗೆ ಇಂಜಿನ್ ಅದೋ ಹುಟ್ಟು ಹಾಕ್ತೀರೋ, ಎಷ್ಟು ಮಂದಿ ಕೂಡ್ತೀರಿ, ಜಾಕೆಟ್ ಎಷ್ಟವ, ಸಾಲಿ ಹುಡುಗುರು ಹೋಗ್ತಾರೋ ಹೆಂಗ ಅಂತ ಬರೆದು ಕಳಸ್ರಿ, ಮುಂದಿನ ಸಂಚಿಕ್ಯಾಗ ಮೊದಲು ನಿಮ್ಮೂರಿನ ಬೋಟಿನ ಬಗ್ಗೇನೇ ಬರೀತೀನಿ.