ಎನ್900 ಕೀಬೋರ್ಡ್‌ನಲ್ಲಿ ಎಸ್ಕೇಪ್, ಪೈಪ್, ಕನ್ನಡ ಬರಬೇಕಾದರೆ ಕರ್ನಲ್ ಮುಟ್ಟಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹಳೆಯ ನೋಕಿಯಾ ಎನ್900 ಫೋನಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ (ಫೋನಿನಲ್ಲಿ ಓಡುವ ಒಂದು ಲಿನಕ್ಸ್) ಹಾಕಿದ್ದೀರಿ, ಪರದೆ ಮತ್ತು ಕೀಬೋರ್ಡ್ ನೋಡಿಕೊಳ್ಳುವ ಎಕ್ಸ್11 (ಮುಂದೆ ಬರೀ ಎಕ್ಸ್) ಮೇಲೆ ವಿಂಡೋ ಜೋಡಿಸುವ ಐ3 ಓಡುತ್ತಿದೆ. ಟರ್ಮಿನಲ್‌ನಲ್ಲಿ ಎಸ್ಕೇಪ್, ಟ್ಯಾಬ್, ಪೈಪ್ (|) ಯಾವುದೂ ಸಿಗುತ್ತಿಲ್ಲ, ಕನ್ನಡ ಲೇಔಟ್ ಹಾಕಿದರೆ ಕೆಲವು ಅಕ್ಷರಗಳು ಬರುವುದೇ ಇಲ್ಲ. ಇದಕ್ಕೆಲ್ಲ ಕರ್ನಲ್ (ಹಾರ್ಡ್‌ವೇರ್ ಜೊತೆ ಮಾತಾಡುವ, ಸಿಸ್ಟಮ್‌ನ ತಿರುಳು) ಮತ್ತೆ ಕಂಪೈಲ್ ಮಾಡಬೇಕಾ ಅಂತ ಕೇಳಿದ್ದೀರಿ.

ಬೇಡ. ನಾನೂ ಇದೇ ಫೋನ್ ಬಳಸುತ್ತೇನೆ, ಕರ್ನಲ್ ಒಂದು ಸಲವೂ ಮುಟ್ಟಿಲ್ಲ. ಆದರೆ ಏನನ್ನಾದರೂ ಬದಲಾಯಿಸುವ ಮೊದಲು, ನಿಮ್ಮ ಕೀ ಎಲ್ಲಿ ಕಳೆದುಹೋಗುತ್ತಿದೆ ಅಂತ ನೋಡಿಕೊಳ್ಳಿ. ಇದನ್ನು ಬಿಟ್ಟು ನೇರ ಫೈಲ್ ತಿದ್ದಲು ಕೂತರೆ ಒಂದು ಇಡೀ ಭಾನುವಾರ ಹೋಗುತ್ತದೆ.

ಒಂದು ಕೀ ಒತ್ತಿದಾಗ ಎರಡು ಕಡೆ ಅರ್ಥ ಬದಲಾಗುತ್ತದೆ. ಮೊದಲನೆಯದು ಕರ್ನಲ್. ಕೀಬೋರ್ಡ್ ಅಂದರೆ ಒಳಗೆ ಸಾಲು ಮತ್ತು ಕಂಬಗಳ ಒಂದು ಜಾಲ. ಇಂಥ ಸಾಲು, ಇಂಥ ಕಂಬ ಸೇರಿದರೆ ಅದು ಕ್ಯೂ ಅಂತ ಡಿವೈಸ್ ಟ್ರೀ ಅನ್ನುವ, ಹಾರ್ಡ್‌ವೇರ್ ವಿವರ ಇರುವ ಫೈಲಿನಲ್ಲಿ ಬರೆದಿರುತ್ತದೆ. ಕರ್ನಲ್ ಅದನ್ನು ಒಂದು ಸಂಖ್ಯೆ ಮಾಡಿ ಕಳಿಸುತ್ತದೆ, ಕ್ಯೂಗೆ 16. ಎರಡನೆಯದು ಎಕ್ಸ್‌ಕೆಬಿ, ಅಂದರೆ ಎಕ್ಸ್‌ನ ಕೀಬೋರ್ಡ್ ಭಾಗ. ಅದು ಈ ಸಂಖ್ಯೆ ತಗೊಂಡು, ಶಿಫ್ಟ್ ಒತ್ತಿದೆಯಾ, ಫಂಕ್ಷನ್ ಒತ್ತಿದೆಯಾ, ಈಗ ಇಂಗ್ಲಿಷಾ ಕನ್ನಡವಾ ಅಂತ ನೋಡಿ ಯಾವ ಅಕ್ಷರ ಅಂತ ತೀರ್ಮಾನ ಮಾಡುತ್ತದೆ. ಎಕ್ಸ್‌ಕೆಬಿ ಕಡೆ ಎಲ್ಲ ಸಂಖ್ಯೆಗೂ 8 ಸೇರಿರುತ್ತದೆ, ಅಲ್ಲಿ ಕ್ಯೂ 24. ಈ 8ರ ವ್ಯತ್ಯಾಸ ಗೊತ್ತಿಲ್ಲದೆ ತಲೆ ಕೆಡಿಸಿಕೊಂಡವರು ತುಂಬಾ ಜನ.

ಪರೀಕ್ಷೆ ಸುಲಭ. ಇವಿಟೆಸ್ಟ್ ಅನ್ನುವ ಟೂಲ್ ಹಾಕಿಕೊಂಡು ಓಡಿಸಿ, ಪಟ್ಟಿಯಲ್ಲಿ ಟಿಡಬ್ಲ್ಯೂಎಲ್4030 ಕೀಪ್ಯಾಡ್ ಆರಿಸಿ, ಒಂದೊಂದೇ ಕೀ ಒತ್ತಿ. ಒತ್ತಿದಾಗ ಬೆಲೆ 1, ಬಿಟ್ಟಾಗ 0 ಅಂತ ಬರಬೇಕು. ನೀಲಿ ಬಾಣದ ಫಂಕ್ಷನ್ ಕೀ ಒತ್ತಿದರೆ 100, ಅಂದರೆ ಬಲಗಡೆ ಆಲ್ಟ್. ಹೀಗೆ ಎಲ್ಲ ಕೀಗೂ ಸರಿಯಾದ ಸಂಖ್ಯೆ ಬಂದರೆ ಕರ್ನಲ್ ಪಾಲಿನ ಕೆಲಸ ಸರಿಯಾಗಿದೆ, ಆ ಕಡೆ ಹೋಗಲೇಬೇಡಿ. ಯಾವುದಾದರೂ ಕೀ ಒತ್ತಿದಾಗ ಏನೂ ಬರದಿದ್ದರೆ ಮಾತ್ರ ಡಿವೈಸ್ ಟ್ರೀ ಅಥವಾ ಕೀಬೋರ್ಡ್‌ನ ಹಾಳೆಯನ್ನೇ ಅನುಮಾನಿಸಬೇಕು. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮದು ಪೂರ್ತಿ ಎಕ್ಸ್‌ಕೆಬಿ ವಿಷಯ. ಎಸ್ಕೇಪ್ ಎಲ್ಲೂ ಕಳೆದುಹೋಗಿಲ್ಲ. ಈ ಫೋನಿನಲ್ಲಿ ಆ ಕೀ ಇಲ್ಲವೇ ಇಲ್ಲ, ಅದಕ್ಕೊಂದು ಜಾಗ ನಾವೇ ಕೊಡಬೇಕು.

ಈಗ ಫೈಲ್. ಎನ್900ನ ಮಾಡೆಲ್ ಹೆಸರು ಆರ್‌ಎಕ್ಸ್-51, ಯಾವ ಕೀಗೆ ಯಾವ ಅಕ್ಷರ ಅಂತ ಬರೆದಿಟ್ಟಿರುವ ಎಕ್ಸ್‌ಕೆಬಿಯ ಸಿಂಬಲ್ಸ್ ಫೋಲ್ಡರಿನೊಳಗೆ ನೋಕಿಯಾ ವೆಂಡರ್ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲ್ ಇದೆ. ಅದನ್ನು ತೆಗೆದು ಓದಿ, ಆದರೆ ತಿದ್ದಬೇಡಿ. ನಾನು ಮೊದಲು ಅದನ್ನೇ ತಿದ್ದಿದ್ದೆ, ಎರಡು ವಾರ ಚೆನ್ನಾಗಿ ನಡೆಯಿತು, ಪ್ಯಾಕೇಜ್ ಅಪ್‌ಗ್ರೇಡ್ ಆದ ದಿನ ಮಾಡಿದ್ದೆಲ್ಲ ಅಳಿಸಿಹೋಯಿತು. ನಿಮ್ಮ ಹೋಮ್ ಫೋಲ್ಡರಿನಲ್ಲಿ ಒಂದು ಎಕ್ಸ್‌ಕೆಬಿ ಫೋಲ್ಡರ್, ಅದರೊಳಗೆ ಸಿಂಬಲ್ಸ್ ಅಂತ ಇನ್ನೊಂದು ಮಾಡಿ, ಅಲ್ಲಿ ನಿಮ್ಮದೇ ಫೈಲ್ ಇಡಿ. ಅದರ ಮೊದಲ ಸಾಲಿನಲ್ಲಿ ಮೂಲ ಲೇಔಟನ್ನು ಇನ್‌ಕ್ಲೂಡ್ ಮಾಡಿಕೊಂಡು, ಬದಲಾಗಬೇಕಾದ ಕೀಗಳನ್ನಷ್ಟೇ ಕೆಳಗೆ ಬರೆದರೆ ಸಾಕು. ಆಮೇಲೆ ಲೇಔಟ್ ಆರಿಸುವ ಸೆಟ್‌ಎಕ್ಸ್‌ಕೆಬಿಮ್ಯಾಪ್ ಕಮಾಂಡಿಗೆ ಪ್ರಿಂಟ್ ಆಯ್ಕೆ ಕೊಟ್ಟು, ಅದರ ಔಟ್‌ಪುಟ್ಟನ್ನು ಎಕ್ಸ್‌ಕೆಬಿಕಾಂಪ್‌ಗೆ (ಲೇಔಟನ್ನು ಕಂಪೈಲ್ ಮಾಡಿ ಎಕ್ಸ್‌ಗೆ ಲೋಡ್ ಮಾಡುವ ಕಮಾಂಡ್) ಕೊಡಿ. ಎಕ್ಸ್‌ಕೆಬಿಕಾಂಪ್‌ಗೆ ದೊಡ್ಡ ಐ ಆಯ್ಕೆಯಲ್ಲಿ ನಿಮ್ಮ ಫೋಲ್ಡರಿನ ದಾರಿ ಹೇಳಬೇಕು. ಅದನ್ನು ಮರೆತರೆ ಎಕ್ಸ್ ಸಿಸ್ಟಮ್ ಫೋಲ್ಡರಿನಲ್ಲಿ ಮಾತ್ರ ಹುಡುಕಿ, ಫೈಲ್ ಸಿಗಲಿಲ್ಲ ಅನ್ನುತ್ತದೆ. (ಹೆಸರುಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರಬೇಕು, ದೊಡ್ಡಕ್ಷರ ಸಣ್ಣಕ್ಷರ ತಪ್ಪಿದರೂ ಕೆಲಸ ಮಾಡಲ್ಲ.)

ಪ್ರತಿ ಕೀಗೆ ನಾಲ್ಕು ಲೆವೆಲ್ ಸಿಗುತ್ತದೆ. ಸುಮ್ನೆ ಒತ್ತಿದರೆ ಒಂದು, ಶಿಫ್ಟ್ ಜೊತೆ ಎರಡು, ಫಂಕ್ಷನ್ ಜೊತೆ ಮೂರು, ಫಂಕ್ಷನ್ ಮತ್ತು ಶಿಫ್ಟ್ ಎರಡೂ ಸೇರಿದರೆ ನಾಲ್ಕು. ಮೇಲಿನ ಸಾಲಿನ ಕ್ಯೂನಿಂದ ಪಿವರೆಗೆ ಮೂರನೇ ಲೆವೆಲ್‌ನಲ್ಲಿ 1ರಿಂದ 0 ಇದೆಯಲ್ಲ, ಹಾಗೇ. ನಾನು ಬ್ಯಾಕ್‌ಸ್ಪೇಸ್‌ನ ಮೂರನೇ ಲೆವೆಲ್‌ಗೆ ಎಸ್ಕೇಪ್, ಸ್ಪೇಸ್‌ನ ಮೂರನೆಯದಕ್ಕೆ ಟ್ಯಾಬ್, ಎಲ್‌ನ ನಾಲ್ಕನೆಯದಕ್ಕೆ ಪೈಪ್ ಹಾಕಿಕೊಂಡಿದ್ದೇನೆ. ಸ್ಪೇಸ್ ಈ ಫೋನಿನಲ್ಲಿ ಬಲಗಡೆಗೆ ಸರಿದುಕೊಂಡಿರುವುದರಿಂದ ಬಲ ಹೆಬ್ಬೆರಳಿಗೇ ಸಿಗುತ್ತದೆ, ಟ್ಯಾಬ್ ದಿನಕ್ಕೆ ನೂರು ಸಲ ಬೇಕಾಗುವವರಿಗೆ ಅದೇ ಒಳ್ಳೆಯ ಜಾಗ. ಕೀ ಬರೆಯುವಾಗ ಅದರ ಟೈಪ್ ಫೋರ್ ಲೆವೆಲ್ ಅಂತ ಸ್ಪಷ್ಟವಾಗಿ ಬರೆಯಿರಿ.

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ಇದನ್ನ: ಫಂಕ್ಷನ್ ಕೀಗೆ ಲೆವೆಲ್3 ಶಿಫ್ಟ್ ಬದಲು ಲೆವೆಲ್3 ಲ್ಯಾಚ್ ಕೊಡಿ. ಮೇಜಿನ ಕೀಬೋರ್ಡ್ ಮೇಲೆ ಹತ್ತು ಬೆರಳು ಇರುತ್ತವೆ, ಒಂದು ಕೀ ಹಿಡಿದುಕೊಂಡು ಇನ್ನೊಂದು ಒತ್ತುವುದು ಕಷ್ಟ ಅಲ್ಲ. ಕೈಯಲ್ಲಿ ಹಿಡಿದ ಫೋನಿನಲ್ಲಿ ಇರುವುದು ಎರಡೇ ಹೆಬ್ಬೆರಳು. ಪೈಪ್ ಬೇಕಾದರೆ ಫಂಕ್ಷನ್, ಶಿಫ್ಟ್, ಎಲ್ ಮೂರನ್ನೂ ಒಟ್ಟಿಗೆ ಒತ್ತಬೇಕು, ಹೇಗೆ ಸಾಧ್ಯ? ಬೆರಳು ಎಟುಕಿದರೂ ಇನ್ನೊಂದು ತೊಂದರೆ ಇದೆ. ಒತ್ತಿದ ಮೂರು ಕೀಗಳು ಆ ಜಾಲದಲ್ಲಿ ಒಂದು ಚೌಕದ ಮೂರು ಮೂಲೆಗಳಾಗಿದ್ದರೆ ನಾಲ್ಕನೇ ಮೂಲೆಯನ್ನೂ ಒತ್ತಿದ ಹಾಗೆ ಕಾಣುತ್ತದೆ, ಆಗ ಡ್ರೈವರ್ ಆ ಒತ್ತುಗಳನ್ನೇ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಲ್ಯಾಚ್ ಆದರೆ ಫಂಕ್ಷನ್ ಒತ್ತಿ ಬಿಡಿ, ಆಮೇಲೆ ಕೀ ಒತ್ತಿ, ಆ ಒಂದು ಕೀಗೆ ಮಾತ್ರ ಮೂರನೇ ಲೆವೆಲ್ ಹತ್ತುತ್ತದೆ. ಎರಡು ಸಲ ಒತ್ತಿದರೆ ಬೀಗ ಬಿದ್ದ ಹಾಗೆ ನಿಂತುಬಿಡುತ್ತದೆ, ಇನ್ನೊಮ್ಮೆ ಒತ್ತಿದರೆ ಹೋಗುತ್ತದೆ. ಫೋನ್ ನಂಬರ್, ಒಟಿಪಿ ಟೈಪ್ ಮಾಡುವಾಗ ಇದು ಎಷ್ಟು ಹಾಯಾಗಿರುತ್ತದೆ ಅಂತ ಒಂದು ದಿನ ಬಳಸಿದರೆ ನಿಮಗೇ ಗೊತ್ತಾಗುತ್ತದೆ. ಶಿಫ್ಟ್‌ಗೂ ಇದೇ ರೀತಿ ಲೆವೆಲ್2 ಲ್ಯಾಚ್ ಇದೆ, ಅದನ್ನೂ ಹಾಕಿಕೊಳ್ಳಿ.

ಕನ್ನಡಕ್ಕೆ ಬರೋಣ. ನೀವು ಲೇಔಟ್ ಅಂತ ಕನ್ನಡವನ್ನಷ್ಟೇ ಆರಿಸಿದ್ದೀರಿ ಅನ್ನಿಸುತ್ತದೆ. ಹಾಗೆ ಆರಿಸಿದರೆ ಸಿಗುವುದು ಇನ್‌ಸ್ಕ್ರಿಪ್ಟ್, ಭಾರತೀಯ ಭಾಷೆಗಳ ಪ್ರಮಾಣಿತ ಕೀಬೋರ್ಡ್ ವಿನ್ಯಾಸ. ಅದರಲ್ಲಿ ಚ ಇರುವುದು ಸೆಮಿಕೋಲನ್ ಕೀ ಮೇಲೆ, ಟ ಅದರ ಪಕ್ಕದ ಕೊಟೇಶನ್ ಕೀ ಮೇಲೆ, ಡ ಚೌಕ ಬ್ರ್ಯಾಕೆಟ್ ಮೇಲೆ. ಎನ್900ನಲ್ಲಿ ಈ ಮೂರು ಕೀಗಳೇ ಇಲ್ಲ. ಹಾಗಾಗಿ ದೋಸೆ ಅಂತ ಸಲೀಸಾಗಿ ಬರೆಯಬಹುದು, ಪಕ್ಕದಲ್ಲಿ ಚಟ್ನಿ ಬರೆಯಲು ಆಗಲ್ಲ. ನಿಮಗೆ ಬರದ ಅಕ್ಷರಗಳು ಇವೇ ಅಲ್ವಾ?

ಇದಕ್ಕೆ ಕಗಪ ವೇರಿಯಂಟ್ ಹಾಕಿ, ಎಕ್ಸ್‌ಕೆಬಿಯಲ್ಲಿ ಮೊದಲೇ ಇದೆ. ಕೆ. ಪಿ. ರಾವ್ ರೂಪಿಸಿದ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಬಳಸಿದ್ದರೆ ಬೆರಳಿಗೆ ಅಭ್ಯಾಸ ಇರುತ್ತದೆ. ಅದರಲ್ಲಿ ಅಕ್ಷರಗಳೆಲ್ಲ ಇಂಗ್ಲಿಷಿನ 26 ಕೀಗಳೊಳಗೇ ಕೂರುತ್ತವೆ. ಚ ಸಿ ಮೇಲೆ, ಟ ಕ್ಯೂ ಮೇಲೆ, ಡ ಡಬ್ಲ್ಯೂ ಮೇಲೆ. ಮೂರೇ ಸಾಲಿನ ಕೀಬೋರ್ಡ್‌ಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಕನ್ನಡ ವಿನ್ಯಾಸ ನಾನು ನೋಡಿಲ್ಲ.

ಭಾಷೆ ಬದಲಾಯಿಸುವ ಕೀ ಆರಿಸುವಾಗ ಒಂದು ಎಚ್ಚರ. ಎರಡೂ ಶಿಫ್ಟ್ ಒಟ್ಟಿಗೆ, ಎರಡೂ ಕಂಟ್ರೋಲ್ ಒಟ್ಟಿಗೆ ಅನ್ನುವ ಆಯ್ಕೆಗಳು ಇಲ್ಲಿ ನಡೆಯಲ್ಲ, ಇರುವುದೇ ಒಂದೊಂದು. ಎಡ ಕಂಟ್ರೋಲ್ ಮತ್ತು ಎಡ ಶಿಫ್ಟ್ ಸೇರಿದ ಆಯ್ಕೆ ಇದೆ, ಅದನ್ನು ಕೊಡಿ. ಶಿಫ್ಟ್‌ಗೆ ಲ್ಯಾಚ್ ಹಾಕಿದ ಮೇಲೆ ಇದು ತೊಡಕು ಮಾಡಿದರೆ, ಎಂಟರ್ ಕೀಯ ಮೂರನೇ ಲೆವೆಲ್‌ಗೆ ನೆಕ್ಸ್ಟ್ ಗ್ರೂಪ್ (ಮುಂದಿನ ಭಾಷೆಗೆ ಹೋಗು ಅನ್ನುವುದು) ಹಾಕಿಕೊಂಡರೂ ಆಗುತ್ತದೆ. ಇನ್ನೊಂದು, ಕನ್ನಡಕ್ಕೆ ಹೋದಾಗ ಫಂಕ್ಷನ್ ಮತ್ತು ಕ್ಯೂ ಒತ್ತಿದರೆ 1 ಬರುವುದಿಲ್ಲ. ಅದು ಕೆಟ್ಟಿಲ್ಲ, ಕನ್ನಡ ಗುಂಪಿಗೆ ಅದರದೇ ಲೆವೆಲ್‌ಗಳಿವೆ, ಇಂಗ್ಲಿಷಿನವು ಅಲ್ಲಿಗೆ ಬರುವುದಿಲ್ಲ. ನಾನು ಅಂಕಿಗೆ ಇಂಗ್ಲಿಷ್‌ಗೆ ಬಂದು ಹೋಗುತ್ತೇನೆ. ನಿಮಗೆ ಅಲ್ಲೇ ಬೇಕೆಂದರೆ ಕಗಪವನ್ನು ಇನ್‌ಕ್ಲೂಡ್ ಮಾಡಿ ನಿಮ್ಮದೇ ವೇರಿಯಂಟ್ ಬರೆಯಿರಿ, ಆದರೆ ಮೂರನೇ ಲೆವೆಲ್‌ನಲ್ಲಿ ಮೊದಲೇ ಏನಿದೆ ಅಂತ ನೋಡಿ ಬರೆಯಿರಿ, ಇಲ್ಲದಿದ್ದರೆ ಬೇಕಾದ ಅಕ್ಷರದ ಮೇಲೇ ಅಂಕಿ ಕೂರಿಸಿಬಿಡುತ್ತೀರಿ.

ಇಷ್ಟನ್ನೂ ಫೋನಿನ ಕೀಬೋರ್ಡ್‌ನಿಂದಲೇ ಮಾಡಲು ಹೋಗಬೇಡಿ. ಒಂದು ಸಲ ನನ್ನ ಫೈಲಿನಲ್ಲಿ ಎಂಟರ್ ಕೀ ತಪ್ಪಾಗಿ, ಸರಿ ಮಾಡುವ ಕಮಾಂಡ್ ಪೂರ್ತಿ ಟೈಪ್ ಮಾಡಿ ಕೂತಿದ್ದೆ, ಕಳಿಸಲು ಎಂಟರ್ ಇಲ್ಲ. ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮೂಲಕ ಫೋನಿಗೆ ಲಾಗಿನ್ ಆಗಿ, ಫೋನಿನ ವಿಳಾಸ ಸಾಮಾನ್ಯವಾಗಿ 172.16.42.1 ಇರುತ್ತದೆ. ಎಸ್‌ಎಸ್‌ಎಚ್‌ನಿಂದ ಲೋಡ್ ಮಾಡುವಾಗ ಡಿಸ್‌ಪ್ಲೇ ಸಂಖ್ಯೆ ಹೇಳಲು ಮರೆಯಬೇಡಿ. ಹೀಗೆ ಲೋಡ್ ಮಾಡಿದ್ದು ರೀಸ್ಟಾರ್ಟ್ ಆದರೆ ಹೋಗಿಬಿಡುತ್ತದೆ, ಅದು ಒಳ್ಳೆಯದೇ. ಎರಡು ಮೂರು ದಿನ ಬಳಸಿ ನೋಡಿ, ಸರಿ ಅನ್ನಿಸಿದ ಮೇಲೆ ಆ ಕಮಾಂಡನ್ನು ಐ3 ಕಾನ್ಫಿಗ್‌ನಲ್ಲಿ ಶುರುವಾಗುವಾಗ ಓಡುವಂತೆ ಸೇರಿಸಿ. ಎಕ್ಸ್ ಇಲ್ಲದ ಬರೀ ಕನ್ಸೋಲ್‌ಗೆ ಇದ್ಯಾವುದೂ ಹತ್ತುವುದಿಲ್ಲ, ಅಲ್ಲಿ ಲೋಡ್‌ಕೀಸ್ ಅನ್ನುವ ಕಮಾಂಡಿನದೇ ಬೇರೆ ಮ್ಯಾಪ್.

ಮುಂದೆ ಎಕ್ಸ್ ಬದಲು ವೇಲ್ಯಾಂಡ್ ಓಡುವ ಹೊಸ ಸಾಧನಕ್ಕೆ ಹೋದರೆ ಇದೇ ಸಿಂಬಲ್ಸ್ ಫೈಲ್ ಜೊತೆಗೆ ತಗೊಂಡು ಹೋಗಿ. ಅಲ್ಲಿ ಈ ಫೈಲುಗಳನ್ನು ಓದುವುದು ಲಿಬ್‌ಎಕ್ಸ್‌ಕೆಬಿಕಾಮನ್ ಅನ್ನುವ ಲೈಬ್ರರಿ. 2020ರಲ್ಲಿ ಬಂದ ಅದರ 1.0 ಆವೃತ್ತಿಯಿಂದ ಈಚೆಗೆ ಅದು ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗಿನ ಎಕ್ಸ್‌ಕೆಬಿ ಫೋಲ್ಡರನ್ನು ತಾನೇ ಓದುತ್ತದೆ, ಎಕ್ಸ್‌ಕೆಬಿಕಾಂಪ್ ಬೇಕಾಗಲ್ಲ.

ಇವಿಟೆಸ್ಟ್‌ನಲ್ಲಿ ಯಾವುದಾದರೂ ಕೀಗೆ ಏನೂ ಬರದಿದ್ದರೆ ಯಾವ ಕೀ ಅಂತ ಕೆಳಗೆ ಬರೆಯಿರಿ, ನೋಡೋಣ.