‘ಕೆರೆಗೆ ಹಾರ’ ದೆವ್ವದ ಹಾಡೇ? ಶಿರಸಿ ಕಡೆಯ ಕೆರೆಗೂ ಅದಕ್ಕೂ ನಂಟಿದೆಯೇ?

ದೆವ್ವದ ಹಾಡಲ್ಲ, ಬಲಿಯ ಕಥೆ ಹೇಳುವ ಜನಪದ ಹಾಡು. ಹಾಡೇ ಹೆಸರಿಸುವ ಊರು ಕಲ್ಲನಕೇರಿ. ಅಲ್ಲಿನ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರೂ ಬರುವುದಿಲ್ಲ. ಶಾಸ್ತ್ರ ಕೇಳಲು ಜೋಯಿಸರ ಹೊತ್ತಿಗೆ ತೆಗೆಸಿದರೆ ಸೊಸೆಯನ್ನು ಕೆರೆಗೆ ಬಲಿ ಕೊಡಬೇಕೆಂದು ಬರುತ್ತದೆ. ಇದು ಬಯಲುಸೀಮೆಯ ಭಯ. ಮಳೆಗೆ ಬರವಿಲ್ಲದ ಶಿರಸಿಯ ಕೆರೆಗೆ ಅಂಟಿಸಿದರೆ ಕಥೆಯ ಬುಡವೇ ಸಡಿಲ.

ಕಿರಿಸೊಸೆ ಭಾಗೀರತಿ ಪೂಜೆ ಮುಗಿಸಿ ಹೊರಟವಳು, ಮರೆತ ಬಂಗಾರದ ಬಟ್ಟಲು ತರಲು ಮರಳುತ್ತಾಳೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ: ಪಾದ, ಮೊಣಕಾಲು, ನಡು, ಆಮೇಲೆ ತುಂಬಿದ ಕೆರೆ. ಹಾಡಿನ ಮೈ ಜುಮ್ಮೆನಿಸುವ ಭಾಗ ಇದೇ. ಆದರೆ ಹಾಡನ್ನು ಇಲ್ಲಿಗೇ ನಿಲ್ಲಿಸಿದರೆ ತಪ್ಪು. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆಯೇರಿ ಬಂದು, ಅದೇ ಕೆರೆಗೆ ಹಾರುತ್ತಾನೆ. ಸತ್ತವಳು ಪ್ರೇತವಾಗಿ ಕಾಡುವ ಪ್ರಸಂಗ ಹಾಡಿನಲ್ಲಿಲ್ಲ.