ಚೇಣಿಗೆ ಕೊಟ್ಟ ಚಳಿಗಾಲ

ಡಿಸೆಂಬರ್ ಎರಡನೇ ವಾರ ಬಂತು ಅಂದ್ರೆ ಶಿವಮೊಗ್ಗದಲ್ಲಿ ಆಪ್ತಸಮಾಲೋಚನೆ ಮಾಡುವ ನನಗೆ ಒಂದೇ ತರಹದ ಫೋನ್‌ಗಳು ಶುರುವಾಗುತ್ತವೆ. ಮಾತಾಡುವವರು ಬೆಂಗಳೂರಿನಲ್ಲಿರುವ ಮಗ ಅಥವಾ ಮಗಳು. ತೊಂದರೆ ಇರುವುದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಯಲ್ಲಿರುವ ಅಪ್ಪನಿಗೋ ಅಮ್ಮನಿಗೋ. "ಚಳಿ ಬಿದ್ದರೆ ಅಮ್ಮ ಮಂಕಾಗ್ತಾಳೆ ಮೇಡಂ. ಏಳೋದೇ ಇಲ್ಲ. ಊಟ ಸೇರಲ್ಲ. ಮಾರ್ಚ್ ಬಂದ್ರೆ ತಾನಾಗೇ ಸರಿಹೋಗ್ತಾಳೆ." ಈಗೀಗ ಅದಕ್ಕೊಂದು ಹೆಸರನ್ನೂ ಅವರೇ ಹುಡುಕಿಟ್ಟಿರುತ್ತಾರೆ. ವಿಂಟರ್ ಡಿಪ್ರೆಶನ್.

ಅಂಥದ್ದೇ ಒಂದು ಪ್ರಕರಣ ಇದು. ಇದರಲ್ಲಿ ಮೊದಲು ಎಡವಿದವಳು ನಾನೇ ಆದ್ದರಿಂದ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ಅಮ್ಮ ಅಂತಲೇ ಬರೆಯುತ್ತೇನೆ, ಕೋಣೆಯಲ್ಲೂ ಹಾಗೇ ಕರೆಯುತ್ತಿದ್ದೆ. ಅರವತ್ತರ ಆಸುಪಾಸು. ತೀರ್ಥಹಳ್ಳಿ ಕಡೆ ಸಣ್ಣ ಅಡಿಕೆ ತೋಟ. ಮನೆಯಲ್ಲಿ ಅವರು ಮತ್ತು ಯಜಮಾನರು, ಇಬ್ಬರೇ. ಹೀಗೆ ಮಂಕಾಗುತ್ತಿರುವುದು ಇದು ಮೂರನೇ ಚಳಿಗಾಲ ಅಂತ ಮಗ ಹೇಳಿದ. ಅವನೇ ಶಿವಮೊಗ್ಗಕ್ಕೆ ಕರೆದುಕೊಂಡು ಬಂದಿದ್ದು. ಜೊತೆಗೆ ಒಂದು ಡಬ್ಬವನ್ನೂ ತಂದಿದ್ದ. ಒಳಗೆ ಸ್ಲೇಟಿನಷ್ಟು ಅಗಲದ ಬಿಳಿ ದೀಪ. ಬೆಳಕಿನ ಅಳತೆಯಲ್ಲಿ 10,000 ಲಕ್ಸ್. ಬೆಳಿಗ್ಗೆ ಅರ್ಧ ಗಂಟೆ ಅದರ ಮುಂದೆ ಕೂತರೆ ಸಾಕು ಅಂತ ಓದಿದ್ದನಂತೆ.

ಹುಡುಗ ಓದಿದ್ದು ಸುಳ್ಳಲ್ಲ. 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಜೊತೆಯವರು ಈ ಚಳಿಗಾಲದ ಖಿನ್ನತೆಯನ್ನು ವಿವರಿಸಿ ಬರೆದರು. ದೀಪದ ಚಿಕಿತ್ಸೆ ಹೆಸರಾಗಿದ್ದೂ ಆಮೇಲೆ. ಆದರೆ ಆ ಉತ್ತರದ ದೇಶಗಳ ಚಳಿಗಾಲವೇ ಬೇರೆ. ಲಂಡನ್‌ನಲ್ಲಿ ಡಿಸೆಂಬರ್ ಕೊನೆಯ ಹಗಲು 8 ಗಂಟೆಯೂ ಇರುವುದಿಲ್ಲ, ಜೂನ್‌ನಲ್ಲಿ ಹದಿನಾರೂವರೆ ದಾಟುತ್ತದೆ. ಶಿವಮೊಗ್ಗ ಇರುವುದು 14 ಡಿಗ್ರಿ ಅಕ್ಷಾಂಶದ ಹತ್ತಿರ. ನಮ್ಮ ಅತಿ ಸಣ್ಣ ಹಗಲೂ 11 ಗಂಟೆ ಮೀರುತ್ತದೆ, ಅತಿ ದೊಡ್ಡದು 13ರ ಹತ್ತಿರ. ಬರೀ ಬೆಳಕಿನ ಲೆಕ್ಕ ಹಿಡಿದರೆ ಮಲೆನಾಡಿನವರು ಮಂಕಾಗಬೇಕಾದ್ದು ಆಷಾಢದಲ್ಲಿ, ವಾರಗಟ್ಟಲೆ ಸೂರ್ಯ ಕಾಣದಾಗ. ಡಿಸೆಂಬರ್‌ನಲ್ಲಿ ಮಂಜು ಕರಗಿದ ಮೇಲೆ ಅಂಗಳಕ್ಕೆ ಬೀಳುವ ಬಿಸಿಲು ಆ ದೀಪದ ಎಷ್ಟೋ ಪಟ್ಟು.

ಇಷ್ಟೆಲ್ಲ ಮಗನಿಗೆ ಹೇಳಿದೆ. ಹೇಳಿ, ನಾನೂ ಅದೇ ದಾರಿ ಹಿಡಿದೆ ನೋಡಿ. ದೀಪದ ಬದಲು ಬಿಸಿಲು. "ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಮಾಡಿ ಅಮ್ಮ, ತೋಟದ ಆಚೆ ಮರಗಳ ನಡುವೆ ಚೆನ್ನಾಗಿರುತ್ತೆ" ಅಂದೆ.

ಅಮ್ಮ "ಹೂಂ" ಅಂದರು.

ಮಲೆನಾಡಿನ "ಹೂಂ"ಗೆ ಒಪ್ಪಿದೆ ಅಂತ ಅರ್ಥ ಅಲ್ಲ. ಇಷ್ಟು ವರ್ಷದ ಮೇಲಾದರೂ ನನಗೆ ಅದು ಗೊತ್ತಿರಬೇಕಿತ್ತು. ಎರಡು ವಾರ ಬಿಟ್ಟು ಬಂದಾಗ ಕೇಳಿದೆ. ಒಂದು ದಿನವೂ ಹೋಗಿರಲಿಲ್ಲ. "ತೋಟದ ಆಚೆ ಕಾನು ಮೇಡಂ. ಈಗ ಉಣುಗು ಕಾಲ. ಮಂಗನ ಕಾಯಿಲೆ ಬಂದ್ರೆ ಯಾರು ನೋಡ್ತಾರೆ?" ಸರಿಯಾಗೇ ಹೇಳಿದರು. ಉಣುಗು, ಅಂದರೆ ಕಾಡಿನ ಉಣ್ಣೆ, ಕಚ್ಚಿ ಹರಡುವ ಆ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರಿಂದ ಮೇವರೆಗೆ ಅದರ ಕಾಲ. ಇದೇ ಜಿಲ್ಲೆಯಲ್ಲಿ ಕೂತು ಸಲಹೆ ಕೊಡುವ ನಾನು ಅವರನ್ನು ಆ ಕಾಲದಲ್ಲೇ ಕಾಡಿಗೆ ಕಳಿಸಹೊರಟಿದ್ದೆ.

ಮೊದಲ ದಿನ ಸರಿಯಾಗಿ ಮಾಡಿದ ಎರಡು ಕೆಲಸ ಇವೆ, ಅದನ್ನೂ ಹೇಳಿಬಿಡುತ್ತೇನೆ. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದ್ದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಬೇಕು. "ಸಾಯೋ ಯೋಚನೆ ಎಂತದೂ ಇಲ್ಲ. ಏಳೋ ಯೋಚನೆಯೂ ಇಲ್ಲ" ಅಂದಿದ್ದರು. ಎರಡನೆಯದು, ವೈದ್ಯರ ಹತ್ತಿರ ಕಳಿಸಿ ರಕ್ತಪರೀಕ್ಷೆ ಮಾಡಿಸಿದ್ದು. ಸುಸ್ತು, ಚಳಿ ತಡೆಯಲಾಗದ್ದು, ಮಂಕು, ಇವು ಥೈರಾಯ್ಡ್ ಕಮ್ಮಿಯಾದಾಗಲೂ ಬರುತ್ತವೆ, ರಕ್ತ ಕಮ್ಮಿಯಾದರೂ ಬರುತ್ತವೆ. ಅಮ್ಮ ಥೈರಾಯ್ಡ್ ಮಾತ್ರೆ ಮೊದಲಿಂದಲೂ ತಗೊಳ್ಳುತ್ತಿದ್ದರು. ಆದರೆ ಕಾಫಿಯ ಜೊತೆ! ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಬಿಟ್ಟು ಕಾಫಿ ಕುಡಿಯಬೇಕು. ವೈದ್ಯರು ಅದನ್ನು ಸರಿಮಾಡಿದರು. ಮುಂದೆ ಆದ ಸುಧಾರಣೆಯಲ್ಲಿ ಇದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ನನ್ನಿಂದ ಆಗದು.

ಮೂರನೇ ಸಲ ಬಂದಿದ್ದು ಸಂಕ್ರಾಂತಿ ಕಳೆದ ಮೇಲೆ. ಈ ಸಲ ಯಜಮಾನರ ಜೊತೆ ಬಸ್ಸಿಗೆ ಬಂದಿದ್ದರು. ಅವರು ಹೊರಗೆ ಪೇಪರ್ ಓದುತ್ತಾ ಕೂತರು. ಹೇಗಿದ್ದೀರಿ ಅಂತ ಕೇಳಿದರೆ "ಇದ್ದೀನಿ" ಅನ್ನುವುದಕ್ಕಿಂತ ಮುಂದೆ ಮಾತು ಹೋಗುವುದಿಲ್ಲ ಅಂತ ಗೊತ್ತಾಗಿತ್ತು. ಅದಕ್ಕೆ ಬೇರೆ ಕೇಳಿದೆ. "ಅಮ್ಮ, ಮುಂಚೆಲ್ಲ ಜನವರಿಯಲ್ಲಿ ಈ ಹೊತ್ತಿಗೆ ಎಂತ ಮಾಡ್ತಾ ಇರ್ತಿದ್ರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಶುರುವಾಯಿತು. ಐದಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುವುದು. ಹಂಡೆ ನೀರು ಕಾಯುವವರೆಗೆ ಅಲ್ಲೇ ಮಣೆ ಹಾಕಿಕೊಂಡು ಕಾಫಿ ಕುಡಿಯುವುದು. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಬರುವಷ್ಟರಲ್ಲಿ ದೋಸೆ ಆಗಬೇಕು. ಸಂಜೆಯ ಮೇಲೆ ಜಗುಲಿಯಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂತರೆ ರಾತ್ರಿ ಹನ್ನೊಂದು. ಯಾರ ಮನೆ ಸೊಸೆ ಎಂತ ಹೇಳಿದಳು, ಯಾರ ಎಮ್ಮೆ ಕರು ಹಾಕಿತು, ಎಲ್ಲ ಸುದ್ದಿಯೂ ಅಲ್ಲೇ. ಮರುದಿನ ಬೇಯಿಸುವುದು, ಅಡಿಕೆಯ ರಸ ಚೊಗರಿನ ಘಾಟು, ಚಪ್ಪರಕ್ಕೆ ಹಾಕುವುದು. ಹೇಳುತ್ತಾ ಹೇಳುತ್ತಾ ದನಿ ಏರಿತು. ಒಂದು ಸಲ ನಕ್ಕರು ಕೂಡ.

ಆಮೇಲೆ ಎರಡೂ ಕೈ ಮೇಜಿನ ಮೇಲೆ ಅಂಗಾತ ಇಟ್ಟರು. "ನೋಡಿ ಮೇಡಂ, ಎಷ್ಟು ಬೆಳ್ಳಗಾಗಿದೆ. ಜನವರಿಯಲ್ಲಿ ನನ್ನ ಕೈ ಯಾವತ್ತೂ ಹೀಗೆ ಇರ್ತಿರ್ಲಿಲ್ಲ."

ಅಡಿಕೆ ಸುಲಿದವರ ಕೈ ನೋಡಿದವರಿಗೆ ಅದು ಗೊತ್ತು. ಚೊಗರು ಹಿಡಿದು ಬೆರಳ ಸಂದಿಯೆಲ್ಲ ಕಪ್ಪು. ಶಿವರಾತ್ರಿ ಕಳೆದರೂ ಹೋಗುವುದಿಲ್ಲ. ಅವರ ಕೈ ಮಾತ್ರ ಶಾಲೆ ಟೀಚರ ಕೈಯ ಹಾಗಿತ್ತು.

"ಯಾವಾಗಿಂದ ನಿಂತಿತು ಇದೆಲ್ಲ?"

"ಚೇಣಿಗೆ ಕೊಟ್ಟ ಮೇಲೆ." ಬೆರಳು ಮಡಿಸಿ ಲೆಕ್ಕ ಹಾಕಿದರು. "ಇದು ಮೂರನೇ ಫಸಲು."

ಮೂರನೇ ಚಳಿಗಾಲ ಅಂತ ಮೊದಲ ದಿನವೇ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಬರೆದುಕೊಂಡು, ಮೂರೇ ಯಾಕೆ, ಅದಕ್ಕೂ ಮೊದಲು ಚಳಿ ಇರಲಿಲ್ಲವೇ ಅಂತ ಕೇಳಿರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಚೇಣಿ ಅಂದರೆ ಮರದ ಮೇಲಿನ ಫಸಲನ್ನೇ ಮಾತಾಡಿ ಕೊಟ್ಟುಬಿಡುವುದು. ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ಚೇಣಿದಾರನದು. ಅವನು ಗೊನೆ ಇಳಿಸಿ ಗಾಡಿಗೆ ತುಂಬಿಕೊಂಡು ಹೋಗುತ್ತಾನೆ, ಸುಲಿಯುವ ಮೆಷಿನ್ ಅವನಲ್ಲಿರುತ್ತದೆ. ಆಳು ಸಿಗದ ಕಾಲದಲ್ಲಿ, ಮಕ್ಕಳು ಊರಲ್ಲಿಲ್ಲದ ಮನೆಗಳಿಗೆ ಇದು ಅನುಕೂಲವೇ. ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಚೇಣಿಗೆ ಅಡಿಕೆಯ ಜೊತೆ ಆ ಮನೆಯ ಮೂರು ತಿಂಗಳ ಜನ, ಮಾತು, ಬೆಂಕಿ ಎಲ್ಲ ಹೋಗಿತ್ತು. ಅದೇ ಹೊತ್ತಿಗೆ ಮಗ ಗೀಸರ್ ಹಾಕಿಸಿದ್ದ. ಬಚ್ಚಲ ಒಲೆಯೂ ಆರಿತು. ಬೆಳಿಗ್ಗೆ ಏಳಲು ಒಂದು ಕಾರಣವೂ ಉಳಿಯಲಿಲ್ಲ.

ಯಜಮಾನರನ್ನು ಒಳಗೆ ಕರೆದೆ. ಅವರಿಗೆ ಬೇಜಾರಾಯಿತು. "ಇವಳ ಮಂಡಿ ನೋವಿಗೆ ಅಂತಲೇ ಕೊಟ್ಟಿದ್ದು ಮೇಡಂ. ರೆಸ್ಟ್ ಇರಲಿ ಅಂತ."

"ನನ್ನ ಕೇಳಿದ್ರಾ?" ಅಂದರು ಅಮ್ಮ. ಗಂಡನ ಮುಖ ನೋಡಲಿಲ್ಲ, ಕೈ ನೋಡಿಕೊಂಡೇ ಕೇಳಿದರು. ಅವರು ಪೇಪರ್ ಮಡಿಸಿದರು, ಮತ್ತೆ ಮಡಿಸಿದರು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಗೀಸರ್ ಇದ್ದರೂ ಬೆಳಿಗ್ಗೆ ಆರಕ್ಕೆ ಬಚ್ಚಲ ಒಲೆ ಹೊತ್ತಬೇಕು, ಹೊತ್ತಿಸುವವರು ಅಮ್ಮನೇ. ನಮ್ಮ ಕಡೆ ವರ್ಷದಲ್ಲೇ ತಡವಾಗಿ ಸೂರ್ಯ ಹುಟ್ಟುವುದು ಜನವರಿ ಕೊನೆಯ ಹೊತ್ತಿಗೆ. ಆ ಕತ್ತಲೆಯಲ್ಲಿ ಎದ್ದು ಕೂರಲು ಒಂದು ಬೆಂಕಿ ಬೇಕು. ಹತ್ತರ ಮೇಲೆ ತರಕಾರಿ ಹೆಚ್ಚುವುದು ಅಂಗಳದ ಬಿಸಿಲಲ್ಲಿ. ಮಧ್ಯಾಹ್ನ ಎರಡು ಗಂಟೆ, ಇನ್ನೂ ಮನೆಯಲ್ಲೇ ಸುಲಿಯುವ ಪಕ್ಕದ ಮನೆಗೆ ಹೋಗುವುದು. ಕುರ್ಚಿಯಲ್ಲಿ ಕೂತು ಗೋಟು (ಹಣ್ಣಾಗಿ ಒಣಗಿದ ಅಡಿಕೆ) ಆರಿಸಿದರೂ ಸಾಕು, ಮೆಟ್ಟುಗತ್ತಿ ಬೇಡ. ಮುಂದಿನ ವರ್ಷ ಚೇಣಿ ಮಾತಾಡುವಾಗ ಹಿತ್ತಲ ಕಡೆಯ ಒಂದಷ್ಟು ಮರ ಬಿಟ್ಟು ಮಾತಾಡಬೇಕು. ಎಷ್ಟು ಮರ ಅಂತ ಅಮ್ಮನೇ ಹೇಳಬೇಕು.

"ಅಡಿಕೆ ಸುಲಿಸಿ ಖಿನ್ನತೆ ವಾಸಿ ಮಾಡ್ತೀರಾ?" ಅಂತ ಪರಿಚಯದ ವೈದ್ಯರೊಬ್ಬರು ನಕ್ಕರು. ನಗಲಿ. ಮನಸ್ಸು ಸರಿಯಾದ ಮೇಲೆ ಏಳುತ್ತೇನೆ ಅಂತ ಕಾಯುವವರು ಕಾಯುತ್ತಲೇ ಇರುತ್ತಾರೆ. ಮೊದಲು ಮೈ ಏಳಬೇಕು, ಮನಸ್ಸು ಹಿಂದೆ ಬರುತ್ತದೆ. ಬಿಹೇವಿಯರಲ್ ಆಕ್ಟಿವೇಷನ್ ಅಂತ ಇದಕ್ಕೆ ನಮ್ಮಲ್ಲಿ ಹೆಸರಿದೆ, ಖಿನ್ನತೆಗೆ ಚೆನ್ನಾಗಿ ಪರೀಕ್ಷೆಯಾದ ಚಿಕಿತ್ಸೆಯೇ ಅದು. ಅದರಿಂದ ಔಷಧಿ ಬೇಡ ಅಂತಲೂ ಆಗುವುದಿಲ್ಲ. ವೈದ್ಯರು ಮಾತ್ರೆ ಬೇಕು ಅಂದಿದ್ದರೆ ನಾನೇ ಕೊಡಿಸುತ್ತಿದ್ದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ದುಡಿದು ದಣಿದ ಹೆಂಗಸಿಗೆ ಮತ್ತೆ ದುಡಿ ಅನ್ನುತ್ತೀರಲ್ಲ ಅಂತ. ನಿಜ, ಹದಿನೈದು ಜನಕ್ಕೆ ದೋಸೆ ಹುಯ್ಯುವ ದಿನಗಳಿಗೆ ಅವರನ್ನು ವಾಪಸು ಕಳಿಸಿದರೆ ತಪ್ಪೇ. ಅವರಿಗೆ ಬೇಕಿದ್ದುದು ಆ ದುಡಿಮೆಯ ನಡುವೆ ಇದ್ದ ಜಗುಲಿ. ರೆಸ್ಟ್ ಕೊಡಿಸುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಕೆಲಸ ಬಿಡಿಸುವ ಮೊದಲು, ಆ ಕೆಲಸದ ಜೊತೆ ಇನ್ನೇನು ಹೋಗುತ್ತದೆ ಅಂತ ಅವರನ್ನೇ ಕೇಳಿ.

ಬೆಂಕಿಯ ಮಾತು ಬಂದಿದ್ದರಿಂದ ಇದೂ ಇರಲಿ. ಅಗ್ಗಿಷ್ಟಿಕೆಯ ಕೆಂಡವನ್ನು ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳಬೇಡಿ. ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಎರಡು ವಾರ ಬಿಡದೆ ಮಂಕು, ನಿದ್ದೆ ಊಟ ಕೆಟ್ಟಿದ್ದು, ಯಾವುದೂ ಬೇಡ ಅನಿಸಿದ್ದು ಇದ್ದರೆ ಚಳಿ ಹೋಗಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆ ದೀಪವನ್ನು ಮಾತ್ರ ವೈದ್ಯರನ್ನು ಕೇಳದೆ ತರಿಸಬೇಡಿ. ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆ ಇರುವವರಿಗೆ, ಕಣ್ಣಿನ ಕೆಲವು ತೊಂದರೆ ಇರುವವರಿಗೆ ಅದು ಆಗಿಬರುವುದಿಲ್ಲ.

ಫೆಬ್ರವರಿಯಲ್ಲಿ ಅಮ್ಮ ಚೆನ್ನಾಗಿದ್ದರು. ನಾನು ಬೀಗಲಿಲ್ಲ, ಮಾರ್ಚ್ ಬಂದರೆ ಅವರು ಹೇಗೂ ಸರಿಹೋಗುತ್ತಿದ್ದರಲ್ಲ. ಮುಂದಿನ ಡಿಸೆಂಬರ್‌ಗೆ ಕಾದೆ. ಎಂಬತ್ತು ಮರ ಬಿಡಿಸಿಕೊಂಡಿದ್ದರು. ನಡುವೆ ಒಂದು ವಾರ ಮಂಕು ಬಂತಂತೆ, ಹೋಯಿತಂತೆ.

ದೀಪ ಎಲ್ಲಿದೆ ಅಂತ ಫೋನಿನಲ್ಲಿ ಕೇಳಿದೆ. ಜಗುಲಿಯಲ್ಲಿದೆಯಂತೆ. ರಾತ್ರಿ ಅಡಿಕೆ ಆರಿಸಲಿಕ್ಕೆ ಬಲ್ಬಿಗಿಂತ ಚಲೋ ಆಗುತ್ತದಂತೆ. "ಅಷ್ಟು ಬೆಳಕು ರಾತ್ರಿ ಹೊತ್ತು ನಿದ್ದೆಗೆ ಒಳ್ಳೇದಲ್ಲ ಅಮ್ಮ, ಏಳರ ಮೇಲೆ ಹಚ್ಚಬೇಡಿ" ಅಂದೆ.

"ಹೂಂ" ಅಂದರು.